ಅಂಬಿಗ ಯಾಕೆ ತಿರುಗಿ ನೋಡಲಿಲ್ಲ?

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಮದುವೆ ಕಾಗದ ಅಂಟಿಕೊಂಡಿದೆ. ಮದುವೆ ಮುಗಿದು ಎರಡು ತಿಂಗಳಾಯಿತು, ಕಾಗದ ಮಾತ್ರ ಅಲ್ಲಿಂದ ಇಳಿಯಲಿಲ್ಲ. ಅದರ ಕೊನೆಯಲ್ಲಿ ‘ತಮ್ಮ ಉಪಸ್ಥಿತಿಯೇ ನಮಗೆ ಉಡುಗೊರೆ’ ಎಂದು ಅಚ್ಚಾಗಿದೆ. ಅದರ ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ಒಂದು ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಇದೆ. ಹಾಕಿದ್ದು ನಾನೇ. ನೀವೇ ಹೇಳಿ, ಇದಕ್ಕೆ ಏನು ಅರ್ಥ? ಉಡುಗೊರೆ ತರಬೇಡಿ ಎಂದೋ, ತರದೆ ಬಂದವರನ್ನು ನಾವು ನೆನಪಿಟ್ಟುಕೊಳ್ಳುತ್ತೇವೆ ಎಂದೋ? ನಾನು ಮೂರು ದಿನ ಯೋಚಿಸಿ, ಬ್ಯಾಗಿನಲ್ಲಿ ಒಂದು ಸೀರೆ ಅಡಗಿಸಿಟ್ಟುಕೊಂಡು ಹೋದೆ. ಬೇರೆಯವರ ಕೈ ನೋಡಿ ನಿರ್ಧರಿಸೋಣ ಎಂದು. ಅಲ್ಲಿ ಎಲ್ಲರ ಬ್ಯಾಗೂ ಸ್ವಲ್ಪ ಉಬ್ಬಿಕೊಂಡೇ ಇತ್ತು.

ನಿವೃತ್ತಿಯಾಗಿ ಎಂಟು ವರ್ಷವಾದರೂ ಕೆಂಪು ಪೆನ್ನು ಕೈಬಿಟ್ಟಿಲ್ಲ. ಮೂವತ್ತೊಂದು ವರ್ಷ ಕನ್ನಡ ಟೀಚರ್ ಆಗಿದ್ದವಳು ನಾನು. ಪೇಪರು ಓದುವಾಗಲೂ ಪೆನ್ನು ಬೇಕು, ಇಗರ್ಜಿಯ ಪ್ರಕಟಣೆ ಓದುವಾಗಲೂ ಬೇಕು. ಸಂಶಯ ಬಂದಲ್ಲೆಲ್ಲ ಅಂಚಿನಲ್ಲಿ ಒಂದು ಕೊಕ್ಕೆ ಬೀಳುತ್ತದೆ. ಮತ್ತು ನನಗೆ ಸಂಶಯ ಬರದ ಜಾಗ ಕಡಿಮೆ. ಉರ್ವ ಮಾರ್ಕೆಟಿನಲ್ಲಿ ಬಂಗುಡೆಯ ಕಿವಿ ಎತ್ತಿ ನೋಡುತ್ತೇನೆ, ಕಣ್ಣು ಒತ್ತಿ ನೋಡುತ್ತೇನೆ, ಆಮೇಲೆ ಮೀನು ಮಾರುವವಳ ಮುಖವನ್ನೂ ನೋಡುತ್ತೇನೆ. ಅವಳು ಒಮ್ಮೆ ಹೇಳಿಯೇಬಿಟ್ಟಳು:

“ಎಂತ ಟೀಚರ್, ಮೀನಿಗೂ ಮಾರ್ಕು ಕೊಡ್ಲಿಕ್ಕುಂಟಾ? ಪಾಸಾದ್ರೆ ತೆಗೊಳ್ಳಿ, ಫೇಲಾದ್ರೆ ಬಿಡಿ. ಒತ್ತಿ ಒತ್ತಿ ಅದರ ಜೀವ ಇನ್ನೊಮ್ಮೆ ಹೋಗ್ತದೆ.”

ನನ್ನ ಗಂಡ ಡೆನಿಸ್ ಇಪ್ಪತ್ತೆರಡು ವರ್ಷ ಕುವೈಟಿನಲ್ಲಿ ದುಡಿದು ಬಂದವರು. ಅವರ ಪ್ರಕಾರ ಜಗತ್ತಿನಲ್ಲಿ ಹೆಚ್ಚಿನವರು ತಮಗೆ ತೋಚಿದ್ದನ್ನೇ ಹೇಳುತ್ತಾರೆ, ಅದಕ್ಕೆ ಒಳಗೆ ಇನ್ನೊಂದು ಅರ್ಥ ಇರುವುದಿಲ್ಲ. ಅವರು ಯಾರದೋ ಮೆಸೇಜಿಗೆ ಹೆಬ್ಬೆರಳು ಎತ್ತಿದ ಚಿತ್ರ ಕಳುಹಿಸಿದರೆ ನಾನು ಕೇಳುತ್ತೇನೆ, ಇದು ಒಪ್ಪಿಗೆಯೋ, ಸಾಕು ನಿಲ್ಲಿಸು ಎಂದೋ? ಅವರು ಫೋನನ್ನು ಮಗುಚಿ ಹಾಕಿ ಮಲಗುತ್ತಾರೆ.

ಈ ರೋಗ ನನಗೆ ಹುಟ್ಟಿನಿಂದ ಬಂದದ್ದಲ್ಲ ಎಂದು ಹೇಳಲು ಒಂದು ಕತೆ ಇದೆ. ನಾನು ಚಿಕ್ಕವಳಿರುವಾಗ ಪಪ್ಪ ಬಹರೈನಿನಲ್ಲಿದ್ದರು. ತಿಂಗಳಿಗೊಂದು ಕಾಗದ ಬರುತ್ತಿತ್ತು. ಕೊಂಕಣಿಯಲ್ಲಿ, ಕನ್ನಡ ಅಕ್ಷರದಲ್ಲಿ, ನೀಲಿ ಶಾಯಿಯಲ್ಲಿ. ಅಮ್ಮ ಒಬ್ಬಳೇ ಅದನ್ನು ಓದುತ್ತಿರಲಿಲ್ಲ. ನಾಲ್ಕು ಮನೆ ಆಚೆ ಇದ್ದ ತನ್ನ ತಂಗಿ, ನಮ್ಮ ಸೆಲಿನ್ ಮಾವ್ಶಿ, ಬರುವ ತನಕ ಕಾಗದವನ್ನು ಪ್ರಾರ್ಥನೆ ಪುಸ್ತಕದೊಳಗೆ ಇಡುತ್ತಿದ್ದಳು. ಆಮೇಲೆ ಅಡುಗೆಮನೆಯಲ್ಲಿ ಕಾಯಿ ತುರಿಯುವ ಮಣೆಯ ಹತ್ತಿರ ಇಬ್ಬರೂ ಕೂತು ಓದುವುದು. ಓದಲು ಎರಡು ನಿಮಿಷ, ಅರ್ಥಮಾಡಲು ಒಂದು ವಾರ.

ಒಂದು ಸಲ ಪಪ್ಪ ಬರೆದಿದ್ದರು: ‘ಇಲ್ಲಿ ಸೆಕೆ ಹೆಚ್ಚು. ಊಟ ಆಗುತ್ತದೆ.’ ಅಷ್ಟೇ.

“ಊಟ ಆಗುತ್ತದೆ ಅಂದ್ರೆ ಎಂತ?” ಎಂದು ಅಮ್ಮ ಕೇಳಿದಳು. “ಹೊಟ್ಟೆ ತುಂಬ್ತದೆ ಅಂತ ಬರೀಲಿಲ್ಲ ನೋಡು.”

ಮಾವ್ಶಿ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು. “ಮಾಡಿಕೊಳ್ತೇನೆ ಅಂತಲೂ ಬರೀಲಿಲ್ಲ. ಆಗ್ತದೆ ಅಂತೆ. ಯಾರೋ ಬೇಯಿಸಿ ಹಾಕುವವರು ಇರ್ಬೇಕು.”

ಅಮ್ಮ ಮೂರು ದಿನ ಅತ್ತಳು. ಮರುವರ್ಷ ಪಪ್ಪ ರಜೆಗೆ ಬಂದಾಗ ಅವಳು ಆ ಕಾಗದವನ್ನು ಎದುರಿಗಿಟ್ಟು ವಿಚಾರಣೆ ನಡೆಸಿದಳು. ಪಪ್ಪನಿಗೆ ಬರೆದದ್ದೇ ನೆನಪಿರಲಿಲ್ಲ. ಊರಿಗೆ ಹೊರಟಿದ್ದ ಯಾರದೋ ಕೈಯಲ್ಲಿ ಕಳುಹಿಸುವ ಗಡಿಬಿಡಿಯಲ್ಲಿ ಗೀಚಿದ್ದಂತೆ. ಅಮ್ಮ ಅದನ್ನೂ ನಂಬಲಿಲ್ಲ. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದೆ. ಒಂದು ಮಾತಿಗೆ ಒಂದೇ ಅರ್ಥ ಇದ್ದಿದ್ದರೆ ಅಮ್ಮ ಅಳಬೇಕಾಗಿರಲಿಲ್ಲ ಎಂದು ಅವತ್ತು ನನಗೆ ಅನಿಸಿತ್ತು. ಆ ಸಿಟ್ಟು ನನ್ನಲ್ಲಿ ಬಹಳ ವರ್ಷ ಉಳಿಯಿತು.

ಹಾಗಾಗಿ ಟೀಚರ್ ಆದ ಮೇಲೆ ನನ್ನ ಕ್ಲಾಸಿನಲ್ಲಿ ಒಂದು ಪದ್ಯಕ್ಕೆ ಒಂದೇ ಅರ್ಥ. ಅದನ್ನು ನಾನು ಹೇಳಿ ಬರೆಸುತ್ತಿದ್ದೆ, ಮಕ್ಕಳು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಅದನ್ನೇ ನನಗೆ ವಾಪಸು ಕೊಡುತ್ತಿದ್ದರು. ಇನ್ನೊಂದು ಗುಟ್ಟೂ ಇದೆ, ಈಗ ಹೇಳಿದರೆ ನಷ್ಟವಿಲ್ಲ. ನನ್ನ ಮನೆಮಾತು ಕೊಂಕಣಿ, ಬೀದಿಯಲ್ಲಿ ಮಾತಾಡಿದ್ದು ತುಳು. ಕನ್ನಡ ನಾನು ಪುಸ್ತಕ ಹಿಡಿದು ಕಲಿತದ್ದು. ಯಾರಾದರೂ ಎದ್ದು ನಿಂತು, ಟೀಚರ್, ಇದಕ್ಕೆ ಹೀಗೂ ಅರ್ಥ ಬರ್ತದಲ್ಲ ಎಂದರೆ ನನಗೆ ಒಳಗೊಳಗೇ ಹೆದರಿಕೆ. ನನ್ನ ಕನ್ನಡವನ್ನೇ ಪರೀಕ್ಷೆ ಮಾಡುತ್ತಿದ್ದಾರೆಯೇ ಎಂದು. ನೋಟ್ಸಿನಲ್ಲಿ ಇದ್ದದ್ದನ್ನು ಹಿಡಿದುಕೊಂಡರೆ ಬೀಳುವ ಭಯವಿಲ್ಲ.

ಇಷ್ಟೆಲ್ಲ ಯಾಕೆ ನೆನಪಾಯಿತೆಂದರೆ, ಕಳೆದ ತಿಂಗಳು ನನ್ನ ಫೋನಿಗೆ ಒಂದು ಮೆಸೇಜು ಬಂತು. ‘ಟೀಚರ್, ನಾನು ರಮ್ಲತ್, ನಿಮ್ಮ ಹಳೇ ಸ್ಟೂಡೆಂಟ್. ಈಗ ವಾಮಂಜೂರಿನ ಕಾಲೇಜಿನಲ್ಲಿ ಕನ್ನಡ ಲೆಕ್ಚರರ್. ಶುಕ್ರವಾರ ನಮ್ಮ ಮಕ್ಕಳು ಒಂದು ಪದ್ಯದ ಬಗ್ಗೆ ಮಾತಾಡ್ತಾರೆ. ಅಂಬಿಗನ ಪದ್ಯ. ನೀವು ಬಂದರೆ ಮಾತ್ರ ಅದು ಪೂರ್ತಿಯಾಗ್ತದೆ.’ ಕೊನೆಯಲ್ಲಿ ಕೈಮುಗಿದ ಚಿತ್ರ.

ನಾನು ಓದಿ ಫೋನು ಕೆಳಗಿಟ್ಟೆ. ರಮ್ಲತ್ ಎಂಬ ಹೆಸರು ನನಗೆ ಮರೆತಿರಲಿಲ್ಲ.

“ಒಳ್ಳೇದೇ ಆಯ್ತಲ್ಲ,” ಎಂದರು ಡೆನಿಸ್. “ಗೌರವದಿಂದ ಕರೀತಾಳೆ. ಹೋಗಿ ಬಾ.”

“ಪೂರ್ತಿಯಾಗ್ತದೆ ಅಂದ್ರೆ ಎಂತ?”

“ಪೂರ್ತಿಯಾಗ್ತದೆ ಅಂದ್ರೆ ಪೂರ್ತಿಯಾಗ್ತದೆ ಅಂತ.”

“ಪದ್ಯ ಪೂರ್ತಿಯಾಗುದಾ, ಹಳೇ ಲೆಕ್ಕ ಪೂರ್ತಿಯಾಗುದಾ? ಅಷ್ಟು ಪದ್ಯ ಇರುವಾಗ ಅವಳು ಅದನ್ನೇ ಯಾಕೆ ಹುಡುಕಿದ್ದು?”

ಡೆನಿಸ್ ಎದ್ದು ಗಿಡಕ್ಕೆ ನೀರು ಹಾಕಲು ಹೋದರು. ಬೆಳಿಗ್ಗೆಯಷ್ಟೇ ಹಾಕಿ ಆಗಿತ್ತು.

ಆ ಅಂಬಿಗನ ಪದ್ಯ ಆಗ ಒಂಬತ್ತನೇ ತರಗತಿಗೆ ಇತ್ತು. ಈಗ ಪಠ್ಯ ಬದಲಾಗಿ ಹೋಗಿದೆ. ಹನ್ನೆರಡೇ ಸಾಲು. ಮುಸ್ಸಂಜೆ ಹೊತ್ತು, ಒಬ್ಬಳು ಹೆಂಗಸು ದೋಣಿಯಲ್ಲಿ ಕೂತಿದ್ದಾಳೆ. ಅಂಬಿಗ ಅವಳಿಗೆ ಬೆನ್ನು ಹಾಕಿ ಹುಟ್ಟು ಹಾಕುತ್ತಿದ್ದಾನೆ. ಒಮ್ಮೆಯೂ ತಿರುಗಿ ನೋಡುವುದಿಲ್ಲ, ಒಂದು ಮಾತೂ ಇಲ್ಲ. ದೋಣಿ ನಡುನೀರಿನಲ್ಲಿ ಇರುವಾಗಲೇ ಪದ್ಯ ಮುಗಿಯುತ್ತದೆ. ಕವಿಯ ಹೆಸರು ನನಗೆ ಮರೆತುಹೋಗಿದೆ, ನಾನು ಬರೆಸಿದ ಸಾರಾಂಶ ಮಾತ್ರ ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆ. ಪರೀಕ್ಷೆಗೆ ಪ್ರತಿವರ್ಷ ನಾಲ್ಕು ಅಂಕದ ಪ್ರಶ್ನೆ: ಅಂಬಿಗನು ತಿರುಗಿ ನೋಡದಿರಲು ಕಾರಣವೇನು? ಉತ್ತರ: ಅಂಬಿಗನು ಪರಮಾತ್ಮನ ಸಂಕೇತ. ನದಿಯೇ ಸಂಸಾರ. ಪರಮಾತ್ಮನು ನಿರಾಕಾರನಾದ್ದರಿಂದ ಮುಖ ತೋರಿಸುವುದಿಲ್ಲ. ಹೀಗೆ ಕವಿಯು ಭಕ್ತಿಯ ಮಹತ್ವವನ್ನು ಸಾರಿದ್ದಾನೆ. ಬೇರೆಲ್ಲ ಮರೆತರೂ ಆ ಕೊನೆಯ ವಾಕ್ಯ ಬರೆಯಿರಿ, ಅರ್ಧ ಅಂಕ ಗ್ಯಾರಂಟಿ ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದೆ.

ಒಂದು ವರ್ಷ ಕ್ಲಾಸಿನ ನಲವತ್ತಾರು ಪೇಪರುಗಳಲ್ಲಿ ನಲವತ್ತೈದು ಪರಮಾತ್ಮರು ಬಂದರು. ಒಂದು ಪೇಪರಿನಲ್ಲಿ ಹೀಗಿತ್ತು: ‘ಅಂಬಿಗನು ಆ ಹೆಂಗಸಿನ ಅಣ್ಣ. ಅವರಿಗೆ ಜಗಳವಾಗಿ ಮಾತಿಲ್ಲ. ಆದರೂ ಅವಳನ್ನು ದಾಟಿಸುತ್ತಾನೆ. ತಿರುಗಿ ನೋಡಿದರೆ ಅಳು ಬರುತ್ತದೆ, ಅದಕ್ಕೆ ನೋಡುವುದಿಲ್ಲ.’

ರಮ್ಲತ್‌ಳ ಪೇಪರು. ಪಡೀಲಿನಿಂದ ಬರುತ್ತಿದ್ದ ಬ್ಯಾರಿ ಮುಸ್ಲಿಮರ ಹುಡುಗಿ, ಮನೆಯಲ್ಲಿ ಬ್ಯಾರಿ ಭಾಷೆ. ಮೂರನೇ ಬೆಂಚು, ತಗ್ಗಿದ ದನಿ, ನೋಟ್ಸು ತಪ್ಪದೆ ಬರೆಯುವವಳು. ನಾನು ಆ ನಾಲ್ಕು ಸಾಲನ್ನು ಎಷ್ಟು ಸಲ ಓದಿದೆನೋ. ಚೆನ್ನಾಗಿದೆ ಎಂದು ಅನಿಸಿತ್ತು, ಸುಳ್ಳು ಹೇಳುವುದಿಲ್ಲ. ಚೆನ್ನಾಗಿದೆ ಎಂದು ಅನಿಸಿದ್ದರಿಂದಲೇ ಸಂಶಯ ಹೆಚ್ಚಾಯಿತು. ಹದಿನಾಲ್ಕು ವರ್ಷದ ಹುಡುಗಿಗೆ ಇದು ಹೇಗೆ ಹೊಳೆಯುತ್ತದೆ? ಪೇಟೆಗೆ ಹೋಗಿ ಮೂರು ಗೈಡು ತಿರುಗಿಸಿದೆ. ಮೂರರಲ್ಲೂ ಪರಮಾತ್ಮನೇ. ಹಾಗಾದರೆ ಟ್ಯೂಷನ್ನಿನವರು ಯಾರೋ ಹೇಳಿಕೊಟ್ಟಿರಬೇಕು, ನನಗೆ ಪಾಠ ಬರುವುದಿಲ್ಲ ಎಂದು ತೋರಿಸಲು. ನನ್ನ ತಲೆ ಎಲ್ಲಿಗೆಲ್ಲ ಓಡುತ್ತದೆ ನೋಡಿ.

ಪೇಪರು ಕೊಡುವ ದಿನ ಅವಳನ್ನು ಎದುರಿಗೆ ನಿಲ್ಲಿಸಿದೆ. “ಇದು ನಿನ್ನದಾ?”

ಮಾತಿಲ್ಲ.

“ಯಾರು ಹೇಳಿಕೊಟ್ಟದ್ದು?”

ಅವಳು ಕಾಲಿನ ಹೆಬ್ಬೆರಳು ನೋಡಿದಳು. ಆ ಮೌನಕ್ಕೂ ನಾನು ಒಂದೇ ಅರ್ಥ ಹಚ್ಚಿದೆ. ಕಳ್ಳಿ ಸಿಕ್ಕಿಬಿದ್ದಳು ಎಂದು. ನಾಲ್ಕಕ್ಕೆ ಒಂದು ಉರುಟು ಸೊನ್ನೆ ಹಾಕಿ, ಅಂಚಿನಲ್ಲಿ ‘ಇದು ಯಾರ ಉತ್ತರ?’ ಎಂದು ಬರೆದು, ಮನೆಯವರ ಸಹಿ ಹಾಕಿಸಿಕೊಂಡು ಬಾ ಎಂದು ಕಳುಹಿಸಿದೆ. ಕ್ಲಾಸು ನಕ್ಕಿತು. ಮರುದಿನ ಸಹಿ ಬಂತು, ಅವಳು ಮಾತಾಡಲಿಲ್ಲ. ಹತ್ತನೇ ತರಗತಿಯ ಕೊನೆಯವರೆಗೂ ನನ್ನ ಕ್ಲಾಸಿನಲ್ಲಿ ಅವಳು ತಾನಾಗಿ ಒಂದು ಮಾತೂ ಆಡಲಿಲ್ಲ.

ಅಂಥವಳು ಈಗ ಕರೆಯುತ್ತಿದ್ದಾಳೆ. ಅರವತ್ತು ಮಕ್ಕಳ ಎದುರಿಗೆ. ಇದು ಸೇಡಲ್ಲದೆ ಇನ್ನೇನು ಎಂದು ನಾನು ನಾಲ್ಕು ದಿನ ಯೋಚಿಸಿದೆ. ಹೋಗದಿದ್ದರೆ ಹೆದರಿದಳು ಎನ್ನುತ್ತಾರೆ. ಹೋದರೆ ಮೂವತ್ತೊಂದು ವರ್ಷದ ಮಾನ ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. ಕೊನೆಗೆ ಹೋದೆ. ನನ್ನ ಹಳೇ ನೋಟ್ಸಿನ ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು, ಪೇಟೆಯಲ್ಲಿ ಬಸ್ಸು ಬದಲಿಸಿ, ಕಿಟಕಿ ಬದಿ ಕೂತು, ಅವಳು ಏನು ಕೇಳಿದರೆ ಏನು ಹೇಳುವುದೆಂದು ಬಾಯಿಪಾಠ ಮಾಡುತ್ತಾ ಹೋದೆ. ನನ್ನ ಪಕ್ಕದವಳು ನಾನು ಜಪಸರ ಮಾಡುತ್ತಿದ್ದೇನೆಂದು ತಿಳಿದು ಮೆಲ್ಲ ಸರಿದು ಕೂತಳು.

ಕಾಲೇಜು ಗದ್ದೆ ಮುಗಿಯುವಲ್ಲಿ ಇದೆ. ಅರ್ಧ ಗದ್ದೆಗೆ ಮಣ್ಣು ತುಂಬಿ ಮನೆಗಳು ಎದ್ದಿವೆ, ಉಳಿದರ್ಧದಲ್ಲಿ ಕೊಕ್ಕರೆಗಳು. ರಮ್ಲತ್ ಗೇಟಿನಲ್ಲೇ ನಿಂತಿದ್ದಳು. ಬೂದುಬಣ್ಣದ ತಲೆವಸ್ತ್ರ, ಕನ್ನಡಕ, ಕೈಯಲ್ಲಿ ಚಾಕ್ ಪೀಸಿನ ಡಬ್ಬಿ. “ಬನ್ನಿ ಟೀಚರ್, ನೀವು ಬರ್ಲಿಕ್ಕಿಲ್ಲ ಅಂತ ಗ್ರಹಿಸಿದ್ದೆ,” ಎಂದು ನನ್ನ ಬ್ಯಾಗು ತೆಗೆದುಕೊಂಡಳು. ಬ್ಯಾಗು ಕೂಡ ಯಾಕೆ ತೆಗೆದುಕೊಂಡಳೆಂದು ನನಗೆ ಸಂಶಯವೇ.

ಕ್ಲಾಸಿನಲ್ಲಿ ಅವಳು ಪದ್ಯವನ್ನು ಎರಡು ಸಲ ಓದಿ, ಬೋರ್ಡಿನ ತಲೆಯಲ್ಲಿ ಪ್ರಶ್ನೆ ಬರೆದಳು. ಅಂಬಿಗ ಯಾಕೆ ತಿರುಗಿ ನೋಡಲಿಲ್ಲ? ಮೊದಲ ಉತ್ತರ ಕೊನೇ ಬೆಂಚಿನಿಂದ ಬಂತು.

“ಅವನಿಗೆ ಕುತ್ತಿಗೆ ನೋವು ಇರ್ಬಹುದು ಮೇಡಂ.”

ಎಲ್ಲರೂ ನಕ್ಕರು. ರಮ್ಲತ್ ನಗದೆ ಅದನ್ನೂ ಬೋರ್ಡಿನಲ್ಲಿ ಬರೆದಳು. ನನ್ನ ಕೈ ಕೆಂಪು ಪೆನ್ನಿಗೆ ಹೋಯಿತು.

“ಆ ಹೆಂಗಸು ಅಳ್ತಾ ಇದ್ದಾಳೆ,” ಎಂದಳು ಮುಂದಿನ ಬೆಂಚಿನ ಹುಡುಗಿ. “ಅವಳಿಗೆ ನಾಚಿಕೆ ಆಗಬಾರ್ದು ಅಂತ ಅವನು ಆಚೆ ನೋಡ್ತಾನೆ.”

ಹೊಳೆ ಬದಿಯಿಂದ ಬರುವ ಒಬ್ಬ ಹುಡುಗ ಎದ್ದು ನಿಂತ. “ಮೇಡಂ, ಹಾಗೆಲ್ಲ ಎಂತದ್ದೂ ಇಲ್ಲ. ಸಂಜೆ ಹೊತ್ತಿಗೆ ದೋಣಿಯವ ನೀರು ನೋಡ್ಬೇಕು. ಹಿಂದೆ ಕೂತವರ ಮುಖ ನೋಡ್ತಾ ಕೂತ್ರೆ ದೋಣಿ ಮರಳಿಗೆ ಹತ್ತಿ ಕೂರ್ತದೆ. ನಮ್ಮ ಅಜ್ಜನಿಗೆ ದೋಣಿ ಇತ್ತು, ನಂಗೆ ಗೊತ್ತುಂಟು.”

ಕಿಟಕಿಯ ಹತ್ತಿರದ ಒಬ್ಬಳು ತಗ್ಗಿದ ದನಿಯಲ್ಲಿ ಹೇಳಿದಳು, “ದೋಣಿಯಲ್ಲಿ ಅವನೊಬ್ಬನೇ ಇರುದು. ಆ ಹೆಂಗಸು ಸತ್ತಾಗಿದೆ. ತಿರುಗಿದ್ರೆ ಜಾಗ ಖಾಲಿ ಕಾಣ್ತದೆ ಅಂತ ಅವನಿಗೆ ಗೊತ್ತು.”

ಬೋರ್ಡಿನಲ್ಲಿ ಏಳು ಉತ್ತರಗಳಾದವು. ಒಂದಕ್ಕೂ ಸರಿ ಗುರುತಿಲ್ಲ, ತಪ್ಪು ಗುರುತೂ ಇಲ್ಲ. ನಾನು ಕಾಯುತ್ತಿದ್ದದ್ದು ಎಂಟನೆಯದಕ್ಕೆ, ಅಣ್ಣ ತಂಗಿಯ ಉತ್ತರಕ್ಕೆ. ಅದನ್ನು ಯಾರ ಬಾಯಲ್ಲಿ ಹೇಳಿಸುತ್ತಾಳೆ, ಆಮೇಲೆ ನನ್ನ ಕಡೆ ಹೇಗೆ ತಿರುಗುತ್ತಾಳೆ ಎಂದು. ಅವಳು ಹೇಳಿಸಲೂ ಇಲ್ಲ, ಹೇಳಲೂ ಇಲ್ಲ.

“ಈಗ ನನ್ನ ಟೀಚರ್ ಮಾತಾಡ್ತಾರೆ,” ಎಂದು ಚಾಕ್ ಕೆಳಗಿಟ್ಟು ಪಕ್ಕಕ್ಕೆ ಸರಿದಳು.

ಎದ್ದು ನಿಂತೆ. ಬಾಯಿ ತೆರೆದರೆ ಬಂದದ್ದು ಅದೇ. ಅಂಬಿಗನು ಪರಮಾತ್ಮನ ಸಂಕೇತ, ನದಿಯೇ ಸಂಸಾರ. ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ಒಂದು ಸದ್ದು ಕೇಳಿತು. ಅರವತ್ತು ನೋಟ್ಸ್ ಪುಸ್ತಕಗಳು ತೆರೆದುಕೊಂಡ ಸದ್ದು. ಅಷ್ಟು ಹೊತ್ತು ಯಾರೂ ಪೆನ್ನು ಮುಟ್ಟಿರಲಿಲ್ಲ. ಈಗ ಎಲ್ಲರ ತಲೆಯೂ ಬಗ್ಗಿತು. ಕುತ್ತಿಗೆ ನೋವಿನ ಹುಡುಗನೂ ಬರೆಯುತ್ತಿದ್ದ, ಹೊಳೆ ಬದಿಯವನೂ ಬರೆಯುತ್ತಿದ್ದ. ಸತ್ತ ಹೆಂಗಸನ್ನು ಕಂಡ ಹುಡುಗಿ ಕೈ ಎತ್ತಿ, “ಮೇಡಂ, ನಿರಾಕಾರ ಆದ ಮೇಲಿನದ್ದು ಸ್ವಲ್ಪ ನಿಧಾನ ಹೇಳಿ,” ಎಂದಳು. ಬೋರ್ಡಿನ ಮೇಲಿದ್ದ ತಮ್ಮದೇ ಏಳು ಉತ್ತರಗಳನ್ನು ಒಬ್ಬರೂ ತಿರುಗಿ ನೋಡಲಿಲ್ಲ.

ನನಗೆ ನಾಚಿಕೆಯಾಯಿತು. ಬೇರೆ ಶಬ್ದ ಇಲ್ಲ ಅದಕ್ಕೆ. ಮೂವತ್ತೊಂದು ವರ್ಷ ನಾನು ಮಾಡಿದ್ದು ಇದನ್ನೇ, ಮತ್ತು ಇದನ್ನು ಶಿಸ್ತು ಎಂದು ತಿಳಿದು ಹೆಮ್ಮೆಪಟ್ಟಿದ್ದೆ.

“ಪೆನ್ನು ಕೆಳಗಿಡಿ,” ಎಂದೆ. “ಇನ್ನೊಂದು ಉತ್ತರ ಉಂಟು. ನನ್ನ ಕ್ಲಾಸಿನ ಒಂದು ಹುಡುಗಿ ಬರೆದದ್ದು.” ಹೇಳಿದೆ. ನಾಲ್ಕೂ ಸಾಲು ನನಗೆ ಅಕ್ಷರಕ್ಕೆ ಅಕ್ಷರ ನೆನಪಿತ್ತು. “ಅದಕ್ಕೆ ನಾನು ಸೊನ್ನೆ ಕೊಟ್ಟೆ.”

“ಯಾಕೆ ಮೇಡಂ?” ಎಂದ ಹೊಳೆ ಬದಿಯ ಹುಡುಗ.

“ಅವಳದ್ದೇ ಅಂತ ನಾನು ನಂಬಲಿಲ್ಲ.”

ರಮ್ಲತ್ ಬೋರ್ಡಿನ ಕಡೆಗೆ ತಿರುಗಿ ನಿಂತಿದ್ದಳು. ಅವಳ ಮುಖ ನನಗೆ ಕಾಣಲಿಲ್ಲ. ಆ ಎಂಟನೆಯ ಉತ್ತರವನ್ನು ಅವಳು ಬೋರ್ಡಿನಲ್ಲಿ ಬರೆಯಲೂ ಇಲ್ಲ.

ಆಮೇಲೆ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ. ಚಾ ಬಂತು. ನಾನು ಹೇಳಬೇಕೆಂದಿದ್ದನ್ನು ಒಂದೇ ಉಸಿರಿಗೆ ಹೇಳಿದೆ.

“ನಂದು ತಪ್ಪು ರಮ್ಲತ್. ಅದು ನಿನ್ನ ಉತ್ತರ. ನಾನು ಸುಮ್ಮನೆ ಸಂಶಯ ಮಾಡಿದೆ.”

“ನನ್ನದಲ್ಲ ಟೀಚರ್,” ಎಂದಳು ಅವಳು. “ನಿಮ್ಮ ಸಂಶಯ ಸರಿಯೇ ಇತ್ತು.”

ನಾನು ಗ್ಲಾಸು ಕೆಳಗಿಟ್ಟೆ.

“ನಮ್ಮ ಅಜ್ಜಿ ಹೇಳಿದ್ದು ಅದು. ಅಮ್ಮನ ಅಮ್ಮ, ಖತೀಜಮ್ಮ. ಅವರಿಗೆ ಓದ್ಲಿಕ್ಕೆ ಬರುದಿಲ್ಲ. ನಾನು ಸಂಜೆ ಜೋರಾಗಿ ಪಾಠ ಓದುವಾಗ ಹತ್ತಿರ ಬಂದು ಕೂರ್ತಿದ್ರು. ಕನ್ನಡ ಅವರಿಗೆ ಅಷ್ಟಕ್ಕಷ್ಟೆ. ನಾನು ಬ್ಯಾರಿಯಲ್ಲಿ ಹೇಳ್ತಿದ್ದೆ, ಅವರು ಕೇಳಿ ಎಂತದಾದ್ರೂ ಹೇಳ್ತಿದ್ರು. ಈ ಪದ್ಯ ಕೇಳಿದ ದಿನ ಹೇಳಿದ್ರು, ಅದು ಅವಳ ಅಣ್ಣ ಅಂತ. ನಂಗೆ ನೋಟ್ಸಿನದ್ದಕ್ಕಿಂತ ಅದು ಸರಿ ಕಂಡಿತು. ಬರೆದೆ.”

“ಅವತ್ತೇ ಹೇಳ್ಬಹುದಿತ್ತಲ್ಲ ಮಾರಾಯ್ತಿ!”

“ಹೇಗೆ ಹೇಳುದು ಟೀಚರ್? ಓದ್ಲಿಕ್ಕೆ ಬಾರದ ಅಜ್ಜಿ ಹೇಳಿದ್ದು ಅಂದಿದ್ರೆ ಇಡೀ ಕ್ಲಾಸು ನಗ್ತಿತ್ತು. ನೀವೂ ನಗ್ತಿದ್ರಿ.”

ಖಂಡಿತ ನಗುತ್ತಿದ್ದೆ. ನಾನು ಆಗ ಅಂಥವಳೇ.

“ಸಹಿಗೆ ಪೇಪರು ಕೊಂಡುಹೋದೆನಲ್ಲ, ಅಮ್ಮ ಸಹಿ ಹಾಕುವಾಗ ಅಜ್ಜಿ ನೋಡಿದ್ರು. ಇದೆಂತ ಕೆಂಪು ಉರುಟು, ನಾನು ಹೇಳಿದ್ದಕ್ಕಾ ಅಂತ ಕೇಳಿದ್ರು. ಓದ್ಲಿಕ್ಕೆ ಬಾರದವರಿಗೂ ಸೊನ್ನೆ ಗೊತ್ತಾಗ್ತದೆ ಟೀಚರ್. ಆಮೇಲೆ ಅವರು ನನ್ನ ಪಾಠ ಕೇಳ್ಲಿಲ್ಲ. ನಾನು ಪುಸ್ತಕ ತೆಗೆದ್ರೆ ಎದ್ದು ಅಡುಗೆಮನೆಗೆ ಹೋಗ್ತಿದ್ರು. ನಾನೆಂತದಾದ್ರೂ ಹೇಳಿ ನಿನ್ನ ಮಾರ್ಕು ಹಾಳಾಗುದು ಬೇಡ ಅಂತ. ಈಗ ನಾನೇ ಲೆಕ್ಚರರ್, ಈಗಲೂ ಕೇಳುದಿಲ್ಲ.”

ಕಿಟಕಿಯ ಹೊರಗೆ ಯಾರೋ ಬೈಕು ಸ್ಟಾರ್ಟು ಮಾಡಲು ಒದೆಯುತ್ತಿದ್ದರು, ಅದು ಏಳುತ್ತಿರಲಿಲ್ಲ. ನನಗೆ ಆ ಸೊನ್ನೆ ಒಬ್ಬ ಹುಡುಗಿಗೆ ಕೊಟ್ಟದ್ದೆಂದು ಇಷ್ಟು ವರ್ಷ ಗೊತ್ತಿತ್ತು, ಅಷ್ಟೇ ಸಾಕಷ್ಟು ಚುಚ್ಚುತ್ತಿತ್ತು. ಅದು ಮನೆಗೆ ಹೋಗಿ ಇನ್ನೊಬ್ಬರ ಬಾಯಿ ಮುಚ್ಚಿಸಿದ್ದು ಗೊತ್ತಿರಲಿಲ್ಲ.

“ಅಜ್ಜಿ ಈಗ ಎಲ್ಲಿದ್ದಾರೆ?” ಎಂದು ಕೇಳಿದೆ.

“ಪಡೀಲಿನಲ್ಲಿ, ನಮ್ಮ ಜೊತೆಯೇ. ಕಣ್ಣು ಸ್ವಲ್ಪ ಮಂಜು, ಕಿವಿ ಚುರುಕು.” ಅವಳು ಚಾಕ್‌ನ ಧೂಳು ಕೊಡವಿಕೊಂಡಳು. “ಮನೆಗೆ ಬನ್ನಿ ಅಂತ ಸೀದಾ ಕೇಳುವ ಧೈರ್ಯ ಇರ್ಲಿಲ್ಲ. ಅದಕ್ಕೆ ಕಾಲೇಜಿಗೆ ಕರೆದದ್ದು. ನೀವು ಇಲ್ಲಿ ಎಂತ ಹೇಳ್ತೀರಿ ನೋಡಿ, ಆಮೇಲೆ ಕೇಳುವ ಅಂತ.”

ಅಂದರೆ ನನ್ನನ್ನು ಪರೀಕ್ಷೆ ಮಾಡಿದ್ದು ಹೌದೇ. ನನ್ನ ಸಂಶಯಕ್ಕೆ ಅಷ್ಟಾದರೂ ಮರ್ಯಾದೆ ಸಿಕ್ಕಿತು. ಪಾಸಾಗಿದ್ದೇನೋ ಇಲ್ಲವೋ ಅವಳು ಹೇಳಲಿಲ್ಲ, ಹೆಲ್ಮೆಟ್ ಕೊಟ್ಟಳು. ಅರವತ್ತಾರರ ವಯಸ್ಸಿನಲ್ಲಿ ಸೀರೆ ಎತ್ತಿಕಟ್ಟಿ ಹಳೇ ಶಿಷ್ಯೆಯ ಸ್ಕೂಟರಿನ ಹಿಂದೆ ಕೂತು ಕಣ್ಣುಮುಚ್ಚಿ ಪ್ರಾರ್ಥಿಸುತ್ತಾ ಪಡೀಲಿಗೆ ಹೋದೆ.

ಮನೆಯ ಜಗಲಿಯಲ್ಲಿ ಖತೀಜಮ್ಮ ಒಂದು ಕುರ್ಚಿಯಲ್ಲಿ ಕೂತು ವೀಳ್ಯದೆಲೆಯ ನಾರು ತೆಗೆಯುತ್ತಿದ್ದರು. ಎಂಬತ್ತು ದಾಟಿರಬೇಕು. ಸಣ್ಣ ಜೀವ, ಮೈಮೇಲೆ ಬಿಳಿ ಕುಪ್ಪಾಯ, ತಲೆ ಮೇಲೆ ಬಟ್ಟೆ. ಮೊಮ್ಮಗಳು ನನ್ನ ಪರಿಚಯ ಹೇಳಿದ್ದೇ ತಡ, ಆ ಮುಖ ಬಿಗಿಯಿತು. ಅವರಿಗೂ ನನಗೂ ಬರುವ ಭಾಷೆ ತುಳು.

“ಟೀಚರ್ ದಾಯೆ ಬತ್ತಿನಿ?” ಎಂದರು. ಯಾಕೆ ಬಂದದ್ದು ಎಂದು.

ಟೀಚರ್ ಮನೆಗೆ ಬಂದರೆ ದೂರು ಹೇಳಲಿಕ್ಕೇ ಬರುವುದು. ಇಷ್ಟು ವರ್ಷದ ಮೇಲೂ ಅವರು ಅದನ್ನು ಬಿಟ್ಟಿರಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, ರಮ್ಲತ್‌ಳನ್ನು ನೋಡಿ, “ಇವಳು ಎಂತ ಮಾಡಿದಳು?” ಎಂದು ಕೇಳಿದರು. ಸಂಶಯದಲ್ಲಿ ನನಗೇ ಸಮನಾದ ಒಬ್ಬರು ಜೀವಮಾನದಲ್ಲಿ ಮೊದಲ ಸಲ ಸಿಕ್ಕಿದಂತೆ ಅನಿಸಿತು.

“ಎಂತದ್ದೂ ಮಾಡ್ಲಿಲ್ಲ. ನಾನು ನಿಮಗೆ ಒಂದು ಪದ್ಯ ಹೇಳ್ಲಿಕ್ಕೆ ಬಂದದ್ದು,” ಎಂದೆ.

ಅವರು ವೀಳ್ಯದ ತಟ್ಟೆ ಎತ್ತಿಕೊಂಡು ಏಳಲು ನೋಡಿದರು. ರಮ್ಲತ್ ಹೇಳಿದ್ದು ನಿಜವೇ. ನಾನು ಅವರ ಕೈ ಹಿಡಿದು ಕೂರಿಸಿದೆ. ಹಾಗೆ ಹಿಡಿಯುವ ಸಲಿಗೆ ನನಗೆ ಯಾರು ಕೊಟ್ಟರೋ ಗೊತ್ತಿಲ್ಲ. ಬ್ಯಾಗಿನಿಂದ ಹಳೇ ನೋಟ್ಸಿನ ಪುಸ್ತಕ ತೆಗೆದು, ಅದರಲ್ಲಿ ಬರೆದಿಟ್ಟಿದ್ದ ಪದ್ಯವನ್ನು ಒಂದೊಂದೇ ಸಾಲು ಓದಿ, ತುಳುವಿನಲ್ಲಿ ಹೇಳಿದೆ. ಮುಸ್ಸಂಜೆ, ಹೊಳೆ, ದೋಣಿ, ಬೆನ್ನು ಹಾಕಿದ ಅಂಬಿಗ. ಅವರು ಬೆರಳಿನಲ್ಲಿ ಎಲೆಯನ್ನು ತಿರುಗಿಸುತ್ತಾ ಕೇಳಿದರು. ಮುಗಿಯಿತು.

“ಅವನು ಯಾಕೆ ತಿರುಗಿ ನೋಡ್ಲಿಲ್ಲ ಖತೀಜಮ್ಮ?”

“ನನ್ನತ್ರ ಯಾಕೆ ಕೇಳುದು? ನಿಮಗೆ ಗೊತ್ತುಂಟಲ್ಲ. ನೀವು ಟೀಚರ್.”

“ನನಗೆ ಗೊತ್ತಿಲ್ಲ.”

ಅವರು ನಂಬಲಿಲ್ಲ. ಮಂಜಾದ ಕಣ್ಣನ್ನು ಕಿರಿದು ಮಾಡಿ ನನ್ನ ಮುಖವನ್ನೇ ನೋಡಿದರು, ಇದರಲ್ಲಿ ಯಾವ ಕೊಕ್ಕೆ ಇದೆಯೆಂದು ಹುಡುಕುವವರ ಹಾಗೆ. ನಾನು ಪುಸ್ತಕ ಮುಚ್ಚಿಟ್ಟೆ. ಟೀಚರ್ ಆದಂದಿನಿಂದ ಒಂದು ಪ್ರಶ್ನೆ ಕೇಳಿ ಉತ್ತರ ನನ್ನ ಕೈಯಲ್ಲಿ ಇಲ್ಲದೆ ಕೂತದ್ದು ಅದೇ ಮೊದಲು. ಹೆದ್ದಾರಿಯಲ್ಲಿ ಬಂಟ್ವಾಳದ ಕಡೆ ಹೋಗುವ ಬಸ್ಸುಗಳು ಒಂದರ ಹಿಂದೆ ಒಂದು ಹೋದವು.

“ಆಮೇಲೆ ಎಂತಾಯ್ತು?” ಎಂದು ಅವರೇ ಕೇಳಿದರು. “ಆಚೆ ದಡಕ್ಕೆ ಹೋಗಿ ಅವಳು ಇಳಿದಳಲ್ಲ. ಇಳಿದು ಹೋಗುವಾಗ ಅವಳು ತಿರುಗಿ ನೋಡಿದಳಾ?”

ಅಷ್ಟು ವರ್ಷ ನಾನು ಈ ಪದ್ಯವನ್ನು ಪಾಠ ಮಾಡಿದ್ದೇನೆ. ಅಂಬಿಗ ಯಾಕೆ ನೋಡಲಿಲ್ಲ ಎಂದು ಸಾವಿರ ಮಕ್ಕಳಿಗೆ ಕೇಳಿದ್ದೇನೆ. ಅವಳು ನೋಡಿದಳೇ ಎಂದು ಒಮ್ಮೆಯೂ ನನಗೆ ಹೊಳೆದಿರಲಿಲ್ಲ.

“ಪದ್ಯದಲ್ಲಿ ಅದು ಇಲ್ಲ,” ಎಂದೆ.

ಖತೀಜಮ್ಮ ಎಲೆಯನ್ನು ತಟ್ಟೆಗೆ ಹಾಕಿದರು.

“ನಾನು ನೋಡ್ಲಿಲ್ಲ,” ಎಂದರು.

ರಮ್ಲತ್ ಬಾಗಿಲಿನಲ್ಲಿ ನಿಂತವಳು ಹಾಗೆಯೇ ನಿಂತಳು. ಅಜ್ಜಿಗೆ ದೋಣಿ ನಡೆಸುವ ಅಣ್ಣನಿದ್ದದ್ದು ಅವಳಿಗೂ ಆ ಕ್ಷಣದ ತನಕ ಗೊತ್ತಿರಲಿಲ್ಲ. ಯಾವ ಹೊಳೆ, ಯಾವ ಜಗಳ, ಅವನು ಈಗ ಇದ್ದಾನೆಯೇ, ಒಂದನ್ನೂ ನಾನು ಕೇಳಲಿಲ್ಲ. ಅವರು ತಲೆಯ ಬಟ್ಟೆಯ ಸೆರಗಿನಿಂದ ಮೂಗು ಒರೆಸಿಕೊಂಡು, ಕುರ್ಚಿಯನ್ನು ನನ್ನ ಕಡೆಗೆ ಸ್ವಲ್ಪ ಎಳೆದುಕೊಂಡರು.

“ಇನ್ನೊಮ್ಮೆ ಓದಿ ಟೀಚರೇ.”